ಹುಟ್ಟೂರು ತೊರೆದ ನ್ಯಾಯಾಧೀಶ

1946ನೆಯ ಇಸವಿ ನವೆಂಬರ್ 5ರಂದು ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದ ರಾಜಧಾನಿ ಕೊಲಂಬಿಯಾದಲ್ಲಿ, ಬೆಳಿಗ್ಗೆ ಆರಂಭವಾದ ಮೊಕದ್ದಮೆಯೊಂದು ಆ ದಿನವೇ ಮುಗಿದು, ಹನ್ನೆರಡು ಮಂದಿ ಬಿಳಿಯರ ಜ್ಯೂರಿ ತೀರ್ಪನ್ನು ಆಲೋಚಿಸಲು ಒಳಗಿನ ಕೋಣೆಗೆ ಹೋಯಿತು. ಪೀಠದ ಮೇಲಿದ್ದ ನ್ಯಾಯಾಧೀಶರು ಎದ್ದು, ತಾವು ಸ್ವಲ್ಪ ತಿರುಗಾಡಿ ಬರುವುದಾಗಿ ಕೋರ್ಟಿನ ಜವಾನನಿಗೆ ಹೇಳಿದರು. ಜ್ಯೂರಿಯವರು ಐದು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತಾರಲ್ಲ ಎಂದು ಆತ ಗಾಬರಿಗೊಂಡ. ನಾನೇ ಇಲ್ಲದ ಮೇಲೆ ಅವರು ಬರುವುದು ಹೇಗೆ ಎಂದು ಹೇಳಿ ನ್ಯಾಯಾಧೀಶರು ಬೀದಿಗಿಳಿದು ನಡೆದರು. ಎಲ್ಲರಿಗೂ ಮೊದಲೇ ಗೊತ್ತಿದ್ದ ತೀರ್ಪು ಕನಿಷ್ಠ ಇಪ್ಪತ್ತು ನಿಮಿಷವಾದರೂ ತಡವಾಗಿ ಹೊರಬೀಳಲಿ, ಅಷ್ಟು ಹೊತ್ತಾದರೂ ಆ ಹನ್ನೆರಡು ಮಂದಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಕುಳಿತಿರಲಿ ಎಂಬುದು ಅವರ ಎಣಿಕೆ. ಅವರು ಹಿಂದಿರುಗಿದಾಗ ಜ್ಯೂರಿಯವರು ಆಗಲೇ ಕಾದು ಬೇಸತ್ತಿದ್ದರು. ಆಪಾದಿತನು ನಿರಪರಾಧಿ ಎಂದು ಸಾರಿದರು. ಸಭಾಂಗಣದಲ್ಲಿ ಕುಳಿತಿದ್ದ ನ್ಯಾಯಾಧೀಶರ ಪತ್ನಿ ಕಣ್ಣೀರಿಡುತ್ತ ಹೊರಗೆ ಹೋದರು.

ನಾನು ಕೆಲವು ಕಾಲ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡಿದವನು. ನ್ಯಾಯಾಧೀಶರ ಮನಸ್ಸು ಒಂದು ಕಡೆಗೂ ಅವರ ಕೈ ಇನ್ನೊಂದು ಕಡೆಗೂ ಎಳೆಯುವ ಸಂದರ್ಭಗಳನ್ನು ಹತ್ತಿರದಿಂದ ಕಂಡವನು. ಆದುದರಿಂದಲೇ ಇರಬೇಕು, ಈ ಇಪ್ಪತ್ತು ನಿಮಿಷದ ತಿರುಗಾಟವನ್ನು ನಾನು ಮೊದಲು ಓದಿದಾಗಿನಿಂದ ಮರೆಯಲು ಆಗಿಲ್ಲ. ಆ ನ್ಯಾಯಾಧೀಶರ ಹೆಸರು ಜೂಲಿಯಸ್ ವೇಟೀಸ್ ವೇರಿಂಗ್. ಅಂದು ಅವರಿಗೆ ಅರವತ್ತಾರು ವರ್ಷ. ನಮ್ಮಲ್ಲಾದರೆ ನಿವೃತ್ತಿಯ ವಯಸ್ಸು ದಾಟಿ, ಮೊಮ್ಮಕ್ಕಳನ್ನು ಆಡಿಸಿಕೊಂಡು, ದೇವಸ್ಥಾನದ ಜಗಲಿಯ ಮೇಲೆ ಹಳೆಯ ಮೊಕದ್ದಮೆಗಳ ಕಥೆ ಹೇಳಿಕೊಂಡಿರುವ ಕಾಲ. ಅವರ ನಿಜವಾದ ವೃತ್ತಿಜೀವನ ಆರಂಭವಾದುದು ಆ ದಿನವೆಂದು ನಾನು ತಿಳಿದಿದ್ದೇನೆ.

ವೇರಿಂಗ್ ಹುಟ್ಟಿದ್ದು 1880ರ ಜುಲೈ 27ರಂದು, ಚಾರ್ಲ್ಸ್‌ಟನ್ ನಗರದಲ್ಲಿ. ಆಶ್ಲೀ ಮತ್ತು ಕೂಪರ್ ಎಂಬ ಎರಡು ನದಿಗಳು ಸಮುದ್ರವನ್ನು ಕೂಡುವೆಡೆಯಲ್ಲಿ ನಾಲಗೆಯಂತೆ ಚಾಚಿಕೊಂಡಿರುವ ಹಳೆಯ ಪಟ್ಟಣವದು. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ ಸಮ್ಟರ್ ಕೋಟೆ ಅದರ ಬಂದರಿನ ಬಾಯಿಯಲ್ಲೇ ಇದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿದ ದಕ್ಷಿಣದ ಸೈನ್ಯದಲ್ಲಿ ವೇರಿಂಗರ ತಂದೆ ಯೋಧರಾಗಿದ್ದರು. ತಲೆತಲಾಂತರದಿಂದ ಆ ಊರಿನಲ್ಲಿ ನೆಲೆಸಿದ, ಹಣಕ್ಕಿಂತ ಕುಲದ ಹೆಮ್ಮೆ ಹೆಚ್ಚಾಗಿದ್ದ ಮನೆತನ. ಬಾಲಕ ವೇರಿಂಗ್ ಕಂಡ ಕರಿಯರಲ್ಲಿ ಹಲವರು ಹಿಂದೆ ಗುಲಾಮರಾಗಿದ್ದವರು. ಅವರನ್ನು ಪ್ರೀತಿಯಿಂದಲೇ ನಡೆಸಿಕೊಳ್ಳುತ್ತಿದ್ದೆವು, ಆದರೆ ಅವರೂ ನಮ್ಮಂಥ ನಾಗರಿಕರೆಂಬ ಯೋಚನೆಯೇ ಮನಸ್ಸಿಗೆ ಬರುತ್ತಿರಲಿಲ್ಲ ಎಂಬರ್ಥದ ಮಾತನ್ನು ಮುದುಕರಾದ ಮೇಲೆ ಅವರೇ ಹೇಳಿಕೊಂಡಿದ್ದಾರೆ. ಈ ಬಗೆಯ ಪ್ರೀತಿ ಎಂಥದೆಂಬುದು ನಮ್ಮ ಊರುಗಳಲ್ಲಿ ಬೆಳೆದವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

1900ರಲ್ಲಿ ಊರಿನ ಕಾಲೇಜಿನಿಂದ ಪದವಿ, 1902ರಲ್ಲಿ ವಕೀಲಿ ಸನ್ನದು, 1914ರಿಂದ 1921ರವರೆಗೆ ಫೆಡರಲ್ ಸರಕಾರದ ಸಹಾಯಕ ವಕೀಲಗಿರಿ, 1933ರಿಂದ ನಗರಸಭೆಯ ಕಾನೂನು ಸಲಹೆಗಾರಿಕೆ. ಈ ನಲವತ್ತು ವರ್ಷಗಳಲ್ಲಿ ಬರೆದಿಡಬೇಕಾದ ವಿಶೇಷವೇನೂ ಇಲ್ಲ. ಒಳ್ಳೆಯ ವಕೀಲ, ಒಳ್ಳೆಯ ಕ್ಲಬ್ಬಿನ ಸದಸ್ಯ, ಆಡಳಿತ ಪಕ್ಷಕ್ಕೆ ನಿಷ್ಠ. 1938ರಲ್ಲಿ ಎಲಿಸನ್ ಸ್ಮಿತ್ ಎಂಬ ಸೆನೆಟರನ ಚುನಾವಣಾ ಪ್ರಚಾರವನ್ನು ಚಾರ್ಲ್ಸ್‌ಟನ್ನಿನಲ್ಲಿ ನಡೆಸಿಕೊಟ್ಟವರು ಇವರೇ. ‘ಹತ್ತಿಯ ಎಡ್’ ಎಂದು ಜನ ಕರೆಯುತ್ತಿದ್ದ ಈ ಸ್ಮಿತ್, ಬಿಳಿಯರ ಮೇಲ್ಮೆಯನ್ನು ಎದೆ ತಟ್ಟಿಕೊಂಡು ಸಾರುತ್ತಿದ್ದ ಮನುಷ್ಯ. ಇನ್ನೊಬ್ಬ ಸೆನೆಟರ್ ಮೇಬ್ಯಾಂಕ್, ಹಿಂದೆ ಚಾರ್ಲ್ಸ್‌ಟನ್ನಿನ ಮೇಯರ್ ಆಗಿದ್ದಾಗ ವೇರಿಂಗರನ್ನು ಬಲ್ಲವರು. ಇಂಥವರ ಒತ್ತಾಸೆಯಿಂದಲೇ ಅಧ್ಯಕ್ಷ ರೂಸ್‌ವೆಲ್ಟರು 1941ರ ಕೊನೆಯಲ್ಲಿ ಅವರ ಹೆಸರನ್ನು ಸೂಚಿಸಿದರು. 1942ರ ಜನವರಿಯಲ್ಲಿ ಸೆನೆಟ್ ಒಪ್ಪಿತು. ‘ನಮ್ಮವನೊಬ್ಬ’ ಪೀಠವೇರಿದನೆಂದು ಊರು ಸಂತೋಷಪಟ್ಟಿತು.

ಇಲ್ಲಿ ಒಂದು ಮಾತನ್ನು ತಿಳಿಸಬೇಕು. ಅಮೆರಿಕದಲ್ಲಿ ನ್ಯಾಯಾಲಯಗಳು ಎರಡು ಬಗೆ. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ನ್ಯಾಯಾಲಯಗಳುಂಟು. ಅಲ್ಲಿನ ನ್ಯಾಯಾಧೀಶರು ಅನೇಕ ಕಡೆ ಮತದಾರರ ಕೃಪೆಯಿಂದ ಬರುವವರು. ಇವುಗಳ ಜೊತೆಗೆ ಇಡೀ ಒಕ್ಕೂಟಕ್ಕೆ ಸೇರಿದ ಫೆಡರಲ್ ನ್ಯಾಯಾಲಯಗಳಿವೆ. ಇವುಗಳ ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಅನುಮೋದಿಸುತ್ತದೆ. ಒಮ್ಮೆ ನೇಮಕವಾದರೆ ಸನ್ನಡತೆಯಿಂದಿರುವಷ್ಟು ಕಾಲ, ಎಂದರೆ ಆಜೀವ ಪರ್ಯಂತ, ಅವರನ್ನು ಅಲುಗಾಡಿಸುವಂತಿಲ್ಲ, ಸಂಬಳವನ್ನು ಇಳಿಸುವಂತಿಲ್ಲ. ತೆಗೆಯಬೇಕಾದರೆ ಪ್ರತಿನಿಧಿ ಸಭೆ ದೋಷಾರೋಪಣೆ ಮಾಡಿ ಸೆನೆಟ್ ಅದನ್ನು ಎತ್ತಿಹಿಡಿಯಬೇಕು. 1787ರಲ್ಲಿ ಸಂವಿಧಾನ ರಚಿಸಿದವರು ಈ ಭದ್ರತೆಯನ್ನು ಯಾವ ಉದ್ದೇಶದಿಂದ ಕೊಟ್ಟರೋ, ನೂರ ಐವತ್ತು ವರ್ಷಗಳ ಮೇಲೆ ಚಾರ್ಲ್ಸ್‌ಟನ್ನಿನ ಒಬ್ಬ ಕುಲೀನ ವೃದ್ಧರಲ್ಲಿ ಅದು ಫಲಿಸಿತು. ರಾಜ್ಯದ ನ್ಯಾಯಾಧೀಶರಾಗಿದ್ದಿದ್ದರೆ ವೇರಿಂಗ್ ಎರಡು ವರ್ಷವೂ ಉಳಿಯುತ್ತಿರಲಿಲ್ಲ.

ಈಗ ಆ ಮೊಕದ್ದಮೆಯ ಕಡೆಗೆ ಬರೋಣ. ಐಸಾಕ್ ವುಡರ್ಡ್ ಎಂಬ ಕರಿಯ ಯುವಕರು ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ಸೇವೆ ಸಲ್ಲಿಸಿ ಸಾರ್ಜೆಂಟ್ ಆಗಿ ಹಿಂದಿರುಗಿದವರು. 1946ರ ಫೆಬ್ರವರಿ 12ರಂದು ಜಾರ್ಜಿಯಾದ ಸೈನ್ಯ ಶಿಬಿರದಲ್ಲಿ ಬಿಡುಗಡೆ ಪಡೆದು, ಸಮವಸ್ತ್ರದಲ್ಲೇ ಬಸ್ಸು ಹತ್ತಿ ಹೆಂಡತಿಯನ್ನು ಕಾಣಲು ಹೊರಟಿದ್ದರು. ದಾರಿಯಲ್ಲಿ ಶೌಚಕ್ಕೆ ಬಸ್ಸು ನಿಲ್ಲಿಸಬೇಕೆಂದು ಕೇಳಿದ್ದಕ್ಕೆ ಚಾಲಕನಿಗೂ ಅವರಿಗೂ ಮಾತು ಬೆಳೆಯಿತು. ಮುಂದೆ ಬೇಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಚಾಲಕ ಪೊಲೀಸರನ್ನು ಕರೆದ. ಊರಿನ ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಅವರನ್ನು ಹಿಡಿದೊಯ್ಯುತ್ತ ಏನೋ ಪ್ರಶ್ನೆ ಕೇಳಿದ. ವುಡರ್ಡ್ ‘ಹೌದು’ ಎಂದರು. ‘ಹೌದು, ಸ್ವಾಮಿ’ ಎನ್ನಲಿಲ್ಲ. ಬಹುವಚನಕ್ಕೂ ಏಕವಚನಕ್ಕೂ ನಡುವಿನ ಅಂತರದಲ್ಲಿ ಏನೆಲ್ಲ ಅಡಗಿರುತ್ತದೆಂಬುದು ಕನ್ನಡಿಗರಿಗೆ ಗೊತ್ತು. ಶಲ್ ತನ್ನ ಲಾಠಿಯಿಂದ ಹೊಡೆದ, ಅದರ ತುದಿಯಿಂದ ಕಣ್ಣುಗಳಿಗೆ ತಿವಿದ. ಮರುದಿನ ಬೆಳಿಗ್ಗೆ ವುಡರ್ಡ್ ಎಚ್ಚರಗೊಂಡಾಗ ಎರಡು ಕಣ್ಣುಗಳೂ ಹೋಗಿದ್ದವು. ಕುಡಿದು ಗಲಾಟೆ ಮಾಡಿದರೆಂಬ ಆರೋಪದ ಮೇಲೆ, ಆ ಸ್ಥಿತಿಯಲ್ಲೇ, ಊರಿನ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿ ಐವತ್ತು ಡಾಲರು ದಂಡ ಹಾಕಲಾಯಿತು.

ಈ ಸುದ್ದಿ ದೇಶಕ್ಕೆಲ್ಲ ತಿಳಿದದ್ದು ಆಕಾಶವಾಣಿಯ ಮಾಧ್ಯಮದಿಂದ ಎಂಬುದನ್ನು ಈ ಭಾಷಣದಲ್ಲಿ ಹೇಳದೆ ಬಿಡುವುದು ಸರಿಯಲ್ಲ. ಚಲನಚಿತ್ರಗಳಿಂದ ಹೆಸರಾದ ಆರ್ಸನ್ ವೆಲ್ಸ್ ಆ ವರ್ಷದ ಜುಲೈ ಕೊನೆಯಲ್ಲಿ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ವುಡರ್ಡರ ಪ್ರಮಾಣಪತ್ರವನ್ನು ಓದಿದರು. ಅಪರಾಧಿಯ ಹೆಸರು ಆಗಿನ್ನೂ ತಿಳಿದಿರಲಿಲ್ಲ. ಅಜ್ಞಾತ ಅಧಿಕಾರಿಯೇ, ನಿನ್ನನ್ನು ಹುಡುಕಿಯೇ ತೀರುತ್ತೇನೆ ಎಂಬ ಧಾಟಿಯಲ್ಲಿ ವಾರವಾರವೂ ಮಾತನಾಡಿದರು. ಊರಿನ ಹೆಸರನ್ನು ಮೊದಲು ತಪ್ಪಾಗಿ ಏಕನ್ ಎಂದು ಹೇಳಿ, ಆ ಊರಿನವರ ಕೋಪಕ್ಕೂ ಗುರಿಯಾದರು. ಕಡೆಗೆ ಬೇಟ್ಸ್‌ಬರ್ಗ್ ಪತ್ತೆಯಾಯಿತು. ಸೆಪ್ಟೆಂಬರಿನಲ್ಲಿ ಕರಿಯರ ಸಂಸ್ಥೆಯೊಂದರ ನಾಯಕ ವಾಲ್ಟರ್ ವೈಟ್ ಈ ವಿಷಯವನ್ನು ಅಧ್ಯಕ್ಷ ಟ್ರೂಮನ್ನರ ಮುಂದಿಟ್ಟರು. ಮೊದಲ ಮಹಾಯುದ್ಧದಲ್ಲಿ ಸ್ವತಃ ಸೈನಿಕರಾಗಿದ್ದ ಟ್ರೂಮನ್ ಬೆಚ್ಚಿಬಿದ್ದರೆಂದು ಹೇಳುತ್ತಾರೆ. ಶಲ್‌ನ ಮೇಲೆ ಫೆಡರಲ್ ಮೊಕದ್ದಮೆ ಹೂಡಲಾಯಿತು. ಆ ಡಿಸೆಂಬರಿನಲ್ಲಿ ನಾಗರಿಕ ಹಕ್ಕುಗಳ ಸಮಿತಿ ನೇಮಕವಾಯಿತು. 1948ರ ಜುಲೈ 26ರಂದು ಸೈನ್ಯದಲ್ಲಿ ಬಿಳಿಯ ಕರಿಯರೆಂಬ ಭೇದವನ್ನು ತೊಡೆಯುವ ಆಜ್ಞೆ ಹೊರಟಿತು.

ಹೊಡೆತ, ಅಂಗಭಂಗ ಇವೆಲ್ಲ ರಾಜ್ಯದ ಕಾನೂನಿಗೆ ಸೇರಿದ ಅಪರಾಧಗಳು. ರಾಜ್ಯವು ಬೆರಳನ್ನೂ ಎತ್ತಲಿಲ್ಲ. ಆದುದರಿಂದ, ಅಧಿಕಾರದ ಬಲದಿಂದ ಒಬ್ಬ ನಾಗರಿಕನ ಹಕ್ಕನ್ನು ಕಸಿದನೆಂಬ, ಹೆಚ್ಚೆಂದರೆ ಒಂದು ವರ್ಷದ ಸಜೆ ಇರುವ ಸಣ್ಣ ಫೆಡರಲ್ ಅಪರಾಧವನ್ನು ಹೊರಿಸಬೇಕಾಯಿತು. ಅದನ್ನೂ ಸರಕಾರಿ ವಕೀಲರು ಮನಸ್ಸಿಲ್ಲದ ಮನಸ್ಸಿನಿಂದ ನಡೆಸಿದರು. ಸಾಕ್ಷಿಗಳನ್ನು ಸರಿಯಾಗಿ ಕೂಡಿಸಿರಲಿಲ್ಲ. ಪ್ರತಿವಾದಿಯ ವಕೀಲರಂತೂ, ಶಲ್‌ನನ್ನು ಶಿಕ್ಷಿಸುವುದಾದರೆ ನಮ್ಮ ರಾಜ್ಯ ಮತ್ತೊಮ್ಮೆ ಒಕ್ಕೂಟದಿಂದ ಬಿಟ್ಟುಹೋಗಲಿ ಎನ್ನುವ ಮಟ್ಟಕ್ಕೆ ಮಾತನ್ನು ತಂದರು. ಕಣ್ಣಿಲ್ಲದ ಸೈನಿಕರು ಸಾಕ್ಷಿಕಟ್ಟೆಯಲ್ಲಿ ಕುಳಿತು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಪೀಠದ ಮೇಲಿದ್ದ ವೇರಿಂಗರು ಜ್ಯೂರಿಗೆ ಕಾನೂನು ಏನೆಂದು ತಿಳಿಸಬಹುದಿತ್ತೇ ಹೊರತು ಬೇರೇನೂ ಮಾಡುವಂತಿರಲಿಲ್ಲ. ಆಮೇಲಿನದು ಆ ತಿರುಗಾಟ.

ಆ ರಾತ್ರಿಯಿಂದ ಮನೆಯಲ್ಲಿ ಓದು ಆರಂಭವಾಯಿತು. ಪತ್ನಿ ಎಲಿಜಬೆತ್ ಗಟ್ಟಿಯಾಗಿ ಓದುವರು, ವೇರಿಂಗರು ಕೇಳುವರು. ಅವರು ಓದಿದವುಗಳಲ್ಲಿ ಒಂದು, ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲರು ಅಮೆರಿಕದ ಕರಿಯರ ಸ್ಥಿತಿಯನ್ನು ಕುರಿತು 1944ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥ. ಏಷ್ಯಾದ ಬಡತನವನ್ನು ಕುರಿತು ಮುಂದೆ ಬರೆದ ಮಿರ್ಡಾಲರೇ ಇವರು. ಅವರ ಪತ್ನಿ ಆಲ್ವಾ ನಮ್ಮ ದೇಶದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಅರವತ್ತಾರು ವರ್ಷದ ಮನುಷ್ಯ, ತಾನು ಹುಟ್ಟಿ ಬೆಳೆದ ಊರಿನ ಕಥೆಯನ್ನು ಪರದೇಶದವನೊಬ್ಬನ ಅಂಕಿಅಂಶಗಳಿಂದ ತಿಳಿಯಬೇಕಾಗಿ ಬಂದಿತು. ದೀಪದ ಕೆಳಗಿನ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಎಲಿಜಬೆತ್ ಎಂಬ ಹೆಸರು ಬಂದಮೇಲೆ ಊರಿನವರು ಆಡಿದ ಮಾತನ್ನೂ ಹೇಳಿಬಿಡುತ್ತೇನೆ. ವೇರಿಂಗರ ಮೊದಲ ಮದುವೆ 1913ರದು; ಒಬ್ಬಳು ಮಗಳು. ಮೂವತ್ತೆರಡು ವರ್ಷದ ಸಂಸಾರದ ಮೇಲೆ, 1945ರಲ್ಲಿ ಅವರು ಹೆಂಡತಿಯಿಂದ ವಿಚ್ಛೇದನ ಪಡೆದು, ಉತ್ತರದಿಂದ ಬಂದ, ಅದಕ್ಕೂ ಮುಂಚೆ ಎರಡು ಬಾರಿ ವಿಚ್ಛೇದನವಾಗಿದ್ದ ಎಲಿಜಬೆತ್ತರನ್ನು ಮದುವೆಯಾದರು. ದಕ್ಷಿಣ ಕೆರೊಲೈನಾದ ಕಾನೂನಿನಲ್ಲಿ ಆಗ ವಿಚ್ಛೇದನವೇ ಇರಲಿಲ್ಲ. ಊರು ಬಾಗಿಲು ಮುಚ್ಚಿತು. ಆ ಸಿಟ್ಟಿಗೆ ಈತ ಊರಿನ ಮೇಲೆ ಸೇಡು ತೀರಿಸಿಕೊಂಡ, ಅವನ ತೀರ್ಪುಗಳೆಲ್ಲ ಹೆಂಡತಿ ಬರೆಸಿದವು ಎಂಬ ಮಾತು ಚಾರ್ಲ್ಸ್‌ಟನ್ನಿನ ಹಜಾರಗಳಲ್ಲಿ ಬಹುಕಾಲ ನಡೆದಿತ್ತು. ಮೊದಲ ಪತ್ನಿಗೆ ನೋವಾದುದು ನಿಜ. ಅದನ್ನು ತೇಲಿಸಿ ಹೇಳಲು ನನಗೆ ಇಷ್ಟವಿಲ್ಲ. ಆದರೆ ಸೇಡಿನ ಕಥೆಗೆ ಇಸವಿಗಳು ಒಪ್ಪುವುದಿಲ್ಲ. 1944ರಲ್ಲೇ, ಇನ್ನೂ ಊರಿಗೆ ಬೇಕಾದವರಾಗಿದ್ದ ಕಾಲದಲ್ಲೇ, ವಯೋಲಾ ಡುವಾಲ್ ಎಂಬ ಕರಿಯ ಶಿಕ್ಷಕಿ ಬಿಳಿಯ ಶಿಕ್ಷಕರಷ್ಟೇ ಸಂಬಳ ಕೇಳಿ ದಾವೆ ಹೂಡಿದಾಗ ವೇರಿಂಗರು ವಿಳಂಬವಿಲ್ಲದೆ ಆಕೆಯ ಪರ ತೀರ್ಪಿತ್ತಿದ್ದರು. ದೊಡ್ಡ ಹೋರಾಟಕ್ಕೆ ಸಿದ್ಧವಾಗಿ ಬಂದಿದ್ದ ವಕೀಲ ಥರ್ಗುಡ್ ಮಾರ್ಷಲ್‌ಗೆ ವಾದ ಮಾಡುವ ಕೆಲಸವೇ ಉಳಿಯಲಿಲ್ಲ. ಆಶ್ಚರ್ಯದಿಂದ ಬಾಯಿ ಬಿಟ್ಟುಕೊಂಡೇ ನಡೆಸಿದ ಮೊಕದ್ದಮೆ ಅದೊಂದೇ ಎಂದು ಅವರು ಮುಂದೆ ನಗುತ್ತಿದ್ದರಂತೆ. ಕಾನೂನು ಸ್ಪಷ್ಟವಾಗಿತ್ತು, ವೇರಿಂಗರು ಓದಿದರು, ಬರೆದರು. ಆಗ ಅವರಲ್ಲಿದ್ದುದು ಕಾನೂನಿನ ಪ್ರಾಮಾಣಿಕತೆ. ಅದು ಕಾನೂನನ್ನು ದಾಟಿ ಇನ್ನೊಂದಾಗಿ ಬೆಳೆದದ್ದು ವುಡರ್ಡ್ ಮೊಕದ್ದಮೆಯ ಮೇಲೆ, ಆ ಹೆಂಡತಿಯ ಜೊತೆಯಲ್ಲಿ. ಗಂಡ ಹೆಂಡಿರು ಕೂಡಿ ಓದಿ ಬದಲಾದರೆ ಅದನ್ನು ಹೆಂಡತಿಯ ಮಂತ್ರವೆನ್ನುವುದು ನಮ್ಮ ಊರಿನಲ್ಲೂ ವಾಡಿಕೆ.

ಬದಲಾವಣೆ ಮೊದಲು ಕಂಡದ್ದು ನ್ಯಾಯಾಲಯದ ಒಳಗೆ, ಸಣ್ಣ ಸಣ್ಣ ವಿಷಯಗಳಲ್ಲಿ. ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಎಂದಿದ್ದ ಆಸನಗಳ ಕಟ್ಟಳೆ ಹೋಯಿತು. ಜ್ಯೂರಿ ಪಟ್ಟಿಯಲ್ಲಿ ಕರಿಯರ ಹೆಸರಿನ ಮುಂದೆ ಹಾಕುತ್ತಿದ್ದ ಗುರುತು ಹೋಯಿತು. ಕೋರ್ಟಿನ ಸಿಬ್ಬಂದಿಗೆ ಕರಿಯರೊಬ್ಬರು ನೇಮಕವಾದರು.

ಮುಂದಿನದು ಮತದಾನದ ಪ್ರಶ್ನೆ. ದಕ್ಷಿಣದಲ್ಲಿ ಆಗ ಡೆಮಾಕ್ರಟಿಕ್ ಪಕ್ಷವೊಂದೇ ಪಕ್ಷ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವನು ಗೆದ್ದಂತೆಯೇ. ಆ ಚುನಾವಣೆಗೆ ಕರಿಯರಿಗೆ ಪ್ರವೇಶವಿಲ್ಲ. 1944ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಟೆಕ್ಸಸ್ಸಿನ ಮೊಕದ್ದಮೆಯೊಂದರಲ್ಲಿ ಇದು ಸಲ್ಲದೆಂದಿತು. ಕೂಡಲೇ ದಕ್ಷಿಣ ಕೆರೊಲೈನಾದ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಕೆಲವೇ ದಿನಗಳಲ್ಲಿ, ಪ್ರಾಥಮಿಕ ಚುನಾವಣೆಗೆ ಸಂಬಂಧಿಸಿದ ತನ್ನ ಕಾಯಿದೆಗಳನ್ನೆಲ್ಲ, ಸುಮಾರು ನೂರ ಐವತ್ತನ್ನು, ಅಳಿಸಿಹಾಕಿತು. ಈಗ ಪಕ್ಷವೆಂಬುದು ಖಾಸಗಿ ಕ್ಲಬ್ಬು. ಕ್ಲಬ್ಬಿನವರು ಯಾರನ್ನು ಬೇಕಾದರೂ ಹೊರಗಿಡಬಹುದು ಎಂಬುದು ಅದರ ಯುಕ್ತಿ. ಕಾನೂನನ್ನು ಮುರಿಯಲು ಕಾನೂನನ್ನೇ ಇಲ್ಲವಾಗಿಸುವ ಇಂಥ ಜಾಣತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಾರ್ಜ್ ಎಲ್ಮೋರ್ ಎಂಬ ಕೊಲಂಬಿಯಾದ ಕರಿಯ ವ್ಯಾಪಾರಿ ದಾವೆ ಹೂಡಿದರು. 1947ರ ಜುಲೈ 12ರಂದು ವೇರಿಂಗರು, ಈ ಕ್ಲಬ್ಬು ಅಮೆರಿಕದ ಅಧ್ಯಕ್ಷರಿಗೂ ಸೆನೆಟರುಗಳಿಗೂ ಮತ ಹಾಕುವ ಕ್ಲಬ್ಬಾದ್ದರಿಂದ ಇದು ಖಾಸಗಿಯಲ್ಲವೆಂದು ತೀರ್ಪಿತ್ತು, ದಕ್ಷಿಣ ಕೆರೊಲೈನಾ ಮರಳಿ ಒಕ್ಕೂಟವನ್ನು ಸೇರುವ ಕಾಲ ಬಂದಿದೆ ಎಂದು ಬರೆದರು. ಸಮ್ಟರ್ ಕೋಟೆಯ ಊರಿನಲ್ಲಿ, ದಕ್ಷಿಣದ ಯೋಧನ ಮಗ ಬರೆದ ಮಾತು! ಅಂತರ್ಯುದ್ಧ ಮುಗಿದು ಆಗ ಎಂಬತ್ತೆರಡು ವರ್ಷವಾಗಿತ್ತು.

ಪಕ್ಷ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮತ ಹಾಕಬೇಕಾದರೆ ವರ್ಣಪ್ರತ್ಯೇಕತೆಯನ್ನು ಬೆಂಬಲಿಸುತ್ತೇನೆಂದು ಕರಿಯರು ಪ್ರಮಾಣ ಮಾಡಬೇಕೆಂದು ಹೊಸ ನಿಯಮ ತಂದಿತು. 1948ರ ಜುಲೈನಲ್ಲಿ ವೇರಿಂಗರು ಅದನ್ನೂ ತಳ್ಳಿಹಾಕಿ, ಈ ಸಲ ಆಜ್ಞೆ ಮೀರಿದವರಿಗೆ ಜುಲ್ಮಾನೆಯಲ್ಲ, ಜೈಲು ಎಂದು ಎಚ್ಚರಿಸಿದರು. ಆಗಸ್ಟ್ 10ರ ಪ್ರಾಥಮಿಕ ಚುನಾವಣೆಯಲ್ಲಿ ಸುಮಾರು 35,000 ಕರಿಯರು ಮತ ಹಾಕಿದರು. ದಾವೆ ಹೂಡಿದ ಎಲ್ಮೋರರ ವ್ಯಾಪಾರ ಮಾತ್ರ ಹಾಳಾಯಿತು. ಅಂಗಡಿಗೆ ಸರಕು ಕೊಡುವವರು ಕೊಡಲಿಲ್ಲ. ನ್ಯಾಯಾಧೀಶರಿಗಿದ್ದ ಸಂವಿಧಾನದ ರಕ್ಷೆ ಕಕ್ಷಿಗಾರರಿಗೆ ಇರಲಿಲ್ಲ.

ನ್ಯಾಯಾಧೀಶರಿಗಾದರೂ ಇದ್ದದ್ದು ಸಂಬಳದ ರಕ್ಷೆ ಮಾತ್ರ. ಮೀಟಿಂಗ್ ಸ್ಟ್ರೀಟಿನ ಅವರ ಮನೆಯಿಂದ ನ್ಯಾಯಾಲಯಕ್ಕೆ ನಡೆದೇ ಹೋಗಬಹುದಿತ್ತು. ಆ ದಾರಿಯಲ್ಲಿ ಬಾಲ್ಯದ ಗೆಳೆಯರು ಎದುರಾದರೆ ಮುಖ ತಿರುಗಿಸುತ್ತಿದ್ದರು. ಊರಿನ ಪತ್ರಿಕೆಯಲ್ಲಿದ್ದ ಸೋದರನ ಮಗನೇ ಅವರ ತೀರ್ಪುಗಳ ವಿರೋಧಿ. ಕ್ಲಬ್ಬುಗಳು ಹೋದವು, ಆಮಂತ್ರಣಗಳು ಹೋದವು. ಅವರ ಸಮುದ್ರತೀರದ ಮನೆಯ ಪಕ್ಕದ ಮನೆಗೆ ಸಿಡಿಲು ಬಡಿದಾಗ, ದೇವರೇ, ಅವನಿರುವುದು ಪಕ್ಕದ ಮನೆಯಲ್ಲಿ ಎಂದು ಆ ಮನೆಯವರು ಫಲಕ ತೂಗುಹಾಕಿದರೆಂಬ ಕಥೆಯನ್ನು ಜನ ನಗುತ್ತ ಹೇಳುತ್ತಿದ್ದರು. ಆ ನಗುವಿನಲ್ಲಿ ಹಾಸ್ಯಕ್ಕಿಂತ ವಿಷವೇ ಹೆಚ್ಚು. ಮನೆಯ ಬಾಗಿಲಿಗೆ ಬರುತ್ತಿದ್ದ ಅತಿಥಿಗಳು ಈಗ ಕರಿಯರು. ಬಿಳಿಯರ ಮನೆಯ ಮುಂಬಾಗಿಲಿನಿಂದ ಕರಿಯರು ಒಳಗೆ ಹೋಗಿ ಊಟಕ್ಕೆ ಕೂಡುವುದೆಂದರೆ ಆ ಊರಿನಲ್ಲಿ ತೀರ್ಪಿಗಿಂತಲೂ ದೊಡ್ಡ ಅಪರಾಧ.

1950ರ ಜನವರಿ 16ರಂದು ಎಲಿಜಬೆತ್ ಕರಿಯ ಸ್ತ್ರೀಯರ ಸಂಘವೊಂದರಲ್ಲಿ ಮಾಡಿದ ಭಾಷಣ ಬೆಂಕಿಗೆ ತುಪ್ಪ ಸುರಿಯಿತು. ದಕ್ಷಿಣದ ಬಿಳಿಯರು ರೋಗಗ್ರಸ್ತರು, ಅಧಃಪತನಕ್ಕಿಳಿದವರು ಎಂದು ಆಕೆ ನೇರವಾಗಿ ಅಂದುಬಿಟ್ಟರು. ಮಾತಿನಲ್ಲಿ ಸ್ವಲ್ಪ ಉಪ್ಪು ಕಡಿಮೆಯಿದ್ದರೂ ಚೆನ್ನಾಗಿತ್ತೆಂದು ಈಗ ಓದುವಾಗ ಅನ್ನಿಸುತ್ತದೆ. ಆದರೆ ಐದು ವರ್ಷ ಯಾರೂ ಮಾತನಾಡಿಸದ ಊರಿನಲ್ಲಿ ಬಾಳಿದವರ ನಾಲಗೆ ಮೃದುವಾಗಿರಬೇಕೆಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಈ ದಂಪತಿಗಳನ್ನು ರಾಜ್ಯದಿಂದ ಆಚೆ ಕಳುಹಿಸಲು, ಹಿಂದಿರುಗುವ ಪ್ರಯಾಣವಿಲ್ಲದ ಟಿಕೆಟ್ಟುಗಳನ್ನು ಸರಕಾರಿ ಹಣದಿಂದ ಕೊಳ್ಳಬೇಕೆಂಬ ಸೂಚನೆ ರಾಜ್ಯದ ಶಾಸನಸಭೆಯಲ್ಲಿ ಬಂತು. ದೋಷಾರೋಪಣೆಗಾಗಿ ಸಾವಿರಾರು ಸಹಿಗಳು ಕೂಡಿದವು. ಮಾರ್ಚಿನಲ್ಲಿ ಮನೆಯ ಮುಂದೆ ಶಿಲುಬೆ ಸುಟ್ಟರು. ಅಕ್ಟೋಬರ್ 9ರ ರಾತ್ರಿ ಗಂಡ ಹೆಂಡತಿ ಇಸ್ಪೀಟಾಡುತ್ತ ಕುಳಿತಿದ್ದಾಗ ಗುಂಡಿನ ಸದ್ದು ಕೇಳಿತು. ಕಿಟಕಿಯ ಗಾಜನ್ನು ಒಡೆದು ಕಾಂಕ್ರೀಟಿನ ಉಂಡೆಗಳು ಒಳಗೆ ಬಿದ್ದವು. ಎಪ್ಪತ್ತು ವರ್ಷದ ನ್ಯಾಯಾಧೀಶರು ನೆಲದ ಮೇಲೆ ತೆವಳಿಕೊಂಡು ಪಕ್ಕದ ಕೋಣೆಗೆ ಹೋದರು.

ಇದಾಗಿ ಐದಾರು ವಾರಕ್ಕೆ ಅವರ ಜೀವನದ ಅತಿ ದೊಡ್ಡ ಮೊಕದ್ದಮೆ ಬಂತು. ಕ್ಲಾರೆಂಡನ್ ಜಿಲ್ಲೆಯಲ್ಲಿ 6,531 ಕರಿಯ ಮಕ್ಕಳಿಗೆ 61 ಶಾಲೆಗಳು, 2,375 ಬಿಳಿಯ ಮಕ್ಕಳಿಗೆ 12 ಶಾಲೆಗಳು. ಶಾಲೆಯ ಸಂಖ್ಯೆ ನೋಡಿ ಮೋಸಹೋಗಬಾರದು. ಆ 61ರಲ್ಲಿ ಹೆಚ್ಚಿನವು ಮರದ ಗುಡಿಸಲುಗಳು. 1949–50ರಲ್ಲಿ ಒಂದು ಬಿಳಿಯ ಮಗುವಿಗೆ ಖರ್ಚು ಮಾಡಿದ್ದು 179 ಡಾಲರು, ಕರಿಯ ಮಗುವಿಗೆ 43. ಬಿಳಿಯ ಮಕ್ಕಳಿಗೆ 30 ಬಸ್ಸುಗಳು, ಕರಿಯ ಮಕ್ಕಳಿಗೆ ಒಂದೂ ಇಲ್ಲ. ಜೋಸೆಫ್ ಡಿಲೇನ್ ಎಂಬ ಪಾದ್ರಿ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದರು. ಮೊದಲನೆಯ ಸಹಿ ಹ್ಯಾರಿ ಬ್ರಿಗ್ಸ್ ಎಂಬ ಪೆಟ್ರೋಲ್ ಬಂಕಿನ ಕೆಲಸಗಾರರದು. ಅವರ ಕೆಲಸ ಹೋಯಿತು. ವಸತಿಗೃಹದಲ್ಲಿ ಕಸಮುಸುರೆ ಮಾಡುತ್ತಿದ್ದ ಅವರ ಹೆಂಡತಿಯ ಕೆಲಸವೂ ಹೋಯಿತು.

ಮಾರ್ಷಲ್ ತಂದ ದಾವೆ, ನಮ್ಮ ಮಕ್ಕಳ ಶಾಲೆಗಳನ್ನು ಸಮಾನವಾಗಿಸಿ ಎಂಬುದಾಗಿತ್ತು. 1950ರ ನವೆಂಬರಿನ ಪೂರ್ವಭಾವಿ ಸಭೆಯಲ್ಲಿ ವೇರಿಂಗರು ಅವರಿಗೆ, ಇದನ್ನು ಹಿಂತೆಗೆದುಕೊಂಡು, ಪ್ರತ್ಯೇಕತೆಯೇ ಸಂವಿಧಾನಕ್ಕೆ ವಿರುದ್ಧವೆಂದು ಹೊಸ ದಾವೆ ತನ್ನಿ ಎಂದರು. ಮಾರ್ಷಲ್‌ಗೆ ಅಳುಕಿತ್ತು. ಹಾಗೆ ತಂದರೆ ಅದು ಮೂವರು ನ್ಯಾಯಾಧೀಶರ ಪೀಠಕ್ಕೆ ಹೋಗುತ್ತದೆ. ಅಲ್ಲಿ ಇಬ್ಬರು ವಿರುದ್ಧವಾಗುವುದು ಖಚಿತ. ವೇರಿಂಗರಿಗೆ ಬೇಕಾದದ್ದೂ ಅದೇ. ಅಂಥ ಪೀಠದ ತೀರ್ಪಿನ ಮೇಲೆ ಮೇಲ್ಮನವಿ ನಡುವೆ ಎಲ್ಲೂ ನಿಲ್ಲದೆ ಸುಪ್ರೀಂ ಕೋರ್ಟಿಗೇ ಹೋಗುತ್ತದೆ. ಸೋತು ಗೆಲ್ಲುವ ದಾರಿ.

ಇಲ್ಲಿ ನನ್ನಂಥ ವಕೀಲನ ಮನಸ್ಸು ತಡವರಿಸುತ್ತದೆ. ನ್ಯಾಯಾಧೀಶನು ಒಬ್ಬ ಕಕ್ಷಿಯ ವಕೀಲನಿಗೆ ದಾರಿ ತೋರಿಸಬಹುದೇ? ವಾಲ್ಟರ್ ವೈಟರಂಥ ನಾಯಕರ ಜೊತೆ ಅವರಿಗೆ ಗಾಢವಾದ ಸ್ನೇಹವಿತ್ತೆಂಬುದೂ ನಿಜ. ಇದೇ ಕೆಲಸವನ್ನು ಪ್ರತಿಪಕ್ಷದ ಪರವಾಗಿ ಇನ್ನೊಬ್ಬ ನ್ಯಾಯಾಧೀಶ ಮಾಡಿದ್ದರೆ ನಾವು ಅದನ್ನು ಪಕ್ಷಪಾತವೆನ್ನುತ್ತಿದ್ದೆವು. ಆ ಪೀಠದ ಮಿಕ್ಕವರು ಇಡೀ ಜೀವನ ಪಕ್ಷಪಾತದಲ್ಲೇ ಇದ್ದರು, ಆದರೆ ಅದು ವಾಡಿಕೆಯಾದ್ದರಿಂದ ಯಾರಿಗೂ ಕಾಣಿಸಲಿಲ್ಲ ಎಂದು ಉತ್ತರ ಹೇಳಬಹುದು. ಆ ಉತ್ತರ ನನಗೆ ಅರ್ಧ ಮಾತ್ರ ಸಮಾಧಾನ ಕೊಡುತ್ತದೆ. ವೇರಿಂಗರನ್ನು ಗೌರವಿಸಲು ಅವರ ಎಲ್ಲ ನಡೆಯನ್ನೂ ಒಪ್ಪಬೇಕಾಗಿಲ್ಲವೆಂದು ಇಟ್ಟುಕೊಂಡು ಮುಂದೆ ಹೋಗುತ್ತೇನೆ.

1951ರ ಮೇ 28ರಂದು ಚಾರ್ಲ್ಸ್‌ಟನ್ನಿನಲ್ಲಿ ವಿಚಾರಣೆ. ಕ್ಲಾರೆಂಡನ್ನಿನ ಹಳ್ಳಿಗಳಿಂದ ಕರಿಯರು ನಸುಕಿನಲ್ಲೇ ಎದ್ದು, ಹಳೆಯ ಕಾರುಗಳಲ್ಲಿ ತುಂಬಿಕೊಂಡು ಬಂದರು. ಸಭಾಂಗಣ ತುಂಬಿ, ಮೆಟ್ಟಿಲು ತುಂಬಿ, ಹಜಾರದಲ್ಲಿ ಸಾಲುಗಟ್ಟಿ ನಿಂತರು. ಒಳಗಿನ ಮಾತು ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಆದರೂ ನಿಂತೇ ಇದ್ದರು. ತೀರ್ಥಯಾತ್ರೆಗೆ ಬಂದವರಂತಿದ್ದರು ಎಂದು ವೇರಿಂಗರು ಮುಂದೆ ನೆನೆಸಿಕೊಂಡರು. ಪ್ರತಿವಾದಿಗಳ ವಕೀಲರು ಎದ್ದು ನಿಂತು, ಶಾಲೆಗಳು ಸಮಾನವಾಗಿಲ್ಲವೆಂಬುದನ್ನು ಒಪ್ಪುತ್ತೇವೆ, ಸರಿಪಡಿಸಲು ಸಮಯ ಕೊಡಿ ಎಂದು ಆರಂಭದಲ್ಲೇ ಹೇಳಿ ಎದುರಾಳಿಯ ಕೈಯ ಅಸ್ತ್ರವನ್ನೇ ಕಸಿಯಲು ನೋಡಿದರು. ದಾವೆ ಹಳೆಯ ರೂಪದಲ್ಲೇ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಸಾಕ್ಷಿ ನುಡಿದರು. ಅವರು ಆ ಜಿಲ್ಲೆಯ 16 ಕರಿಯ ಮಕ್ಕಳ ಮುಂದೆ ಒಂದು ಬಿಳಿಯ ಬೊಂಬೆ, ಒಂದು ಕಂದು ಬೊಂಬೆ ಇಟ್ಟಿದ್ದರು. ಹತ್ತು ಮಕ್ಕಳು ತಮಗೆ ಇಷ್ಟವೆಂದು ಬಿಳಿಯದನ್ನು ಆರಿಸಿಕೊಂಡವು. ಕೆಟ್ಟ ಬೊಂಬೆ ಯಾವುದೆಂದಾಗ ಹನ್ನೊಂದು ಮಕ್ಕಳು ತಮ್ಮದೇ ಬಣ್ಣದ್ದನ್ನು ತೋರಿಸಿದವು.

ಜೂನ್ 23ರಂದು ತೀರ್ಪು. ನ್ಯಾಯಾಧೀಶರಾದ ಪಾರ್ಕರ್ ಮತ್ತು ಟಿಮ್ಮರ್‌ಮನ್, ಶಾಲೆಗಳನ್ನು ಸಮಾನವಾಗಿಸಿ, ಪ್ರತ್ಯೇಕತೆ ಇರಲಿ ಎಂದರು. ವೇರಿಂಗರು ಒಬ್ಬರೇ ಭಿನ್ನಮತದ ತೀರ್ಪನ್ನು ಬರೆದರು. ಸುಮಾರು ಇಪ್ಪತ್ತು ಪುಟ. ದಾವೆ ಹೂಡಿದ ಬಡ ಹಳ್ಳಿಗರ ಧೈರ್ಯವನ್ನು ಅದು ಮೊದಲಲ್ಲೇ ನೆನೆಯುತ್ತದೆ. ಪ್ರತ್ಯೇಕಿಸುವುದೇ ಅಸಮಾನತೆ, ಅದಕ್ಕೆ ಬೇರೆ ಸಾಕ್ಷಿ ಬೇಡ ಎಂಬುದು ಅದರ ತಿರುಳು. ಶಾಸ್ತ್ರಗ್ರಂಥಗಳ ಭಾರವಿಲ್ಲದ, ಕೋಪವನ್ನು ಬಚ್ಚಿಡದ ಬರವಣಿಗೆ. ತೀರ್ಪುಗಳನ್ನು ಸಾಹಿತ್ಯವಾಗಿ ಓದುವ ಅಭ್ಯಾಸ ನಮ್ಮಲ್ಲಿಲ್ಲ. ಇದನ್ನು ಹಾಗೆ ಓದಬಹುದೆಂದು ನನಗನ್ನಿಸಿದೆ.

1952ರ ಫೆಬ್ರವರಿಯಲ್ಲಿ ಅವರು ನಿವೃತ್ತರಾದರು. ಹತ್ತು ವರ್ಷದ ಸೇವೆ ತುಂಬಿತ್ತು, ಎಪ್ಪತ್ತು ದಾಟಿತ್ತು, ಪೂರ್ಣ ವೇತನಕ್ಕೆ ಅರ್ಹತೆ ಬಂದಿತ್ತು. ಮನೆ ಮುಚ್ಚಿ ನ್ಯೂಯಾರ್ಕಿಗೆ ಹೊರಟರು. ಸುಪ್ರೀಂ ಕೋರ್ಟು ಕ್ಲಾರೆಂಡನ್ ಮೊಕದ್ದಮೆಯನ್ನು ವರದಿಗಾಗಿ ಒಮ್ಮೆ ಕೆಳಗಿನ ಕೋರ್ಟಿಗೆ ಕಳಿಸಿದ್ದರಿಂದ, ಅದು ತಿರುಗಿ ಬರುವಷ್ಟರಲ್ಲಿ ಕಾನ್ಸಾಸ್ ರಾಜ್ಯದ ಬ್ರೌನ್ ಎಂಬವರ ಮೊಕದ್ದಮೆ ಸಾಲಿನಲ್ಲಿ ಮುಂದಾಗಿತ್ತು. ಐದು ಮೊಕದ್ದಮೆಗಳನ್ನು ಒಟ್ಟಿಗೆ ಕೇಳಿದ ಕೋರ್ಟಿನ ತೀರ್ಪು 1954ರ ಮೇ 17ರಂದು ಬಂದಾಗ, ಲೋಕ ನೆನಪಿಟ್ಟದ್ದು ಬ್ರೌನರ ಹೆಸರನ್ನು. ಕೆಲಸ ಕಳೆದುಕೊಂಡ ಬ್ರಿಗ್ಸರ ಹೆಸರು ಹಿಂದೆ ಬಿತ್ತು. ಬೇರೆ ಮಾಡಿದ ಶಾಲೆಗಳು ಸ್ವಭಾವತಃ ಅಸಮಾನ ಎಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ದರು. ವೇರಿಂಗರು ಒಬ್ಬಂಟಿಯಾಗಿ ಬರೆದು ಆಗ ಮೂರು ವರ್ಷವೂ ತುಂಬಿರಲಿಲ್ಲ. ಆ ಸಂಜೆ ನ್ಯೂಯಾರ್ಕಿನ ಅವರ ಮನೆಯಲ್ಲಿ ವಾಲ್ಟರ್ ವೈಟ್ ಮೊದಲಾದ ಗೆಳೆಯರು ಕೂಡಿದರು. ಕ್ಲಾರೆಂಡನ್ನಿನಲ್ಲಿ ಮಾತ್ರ ಹಬ್ಬವಿರಲಿಲ್ಲ. ಮರುವರ್ಷ ಡಿಲೇನರ ಚರ್ಚು ಸುಟ್ಟುಹೋಯಿತು. ಅವರೂ ರಾಜ್ಯ ಬಿಟ್ಟು ಓಡಿಹೋಗಬೇಕಾಯಿತು.

1968ರ ಜನವರಿ 11ರಂದು ವೇರಿಂಗರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ದೇಹವನ್ನು ಚಾರ್ಲ್ಸ್‌ಟನ್ನಿಗೇ ತಂದರು. ಮ್ಯಾಗ್ನೋಲಿಯಾ ಸ್ಮಶಾನದಲ್ಲಿ ಸುಮಾರು ಇನ್ನೂರು ಮಂದಿ ಕರಿಯರು ನೆರೆದಿದ್ದರು. ಬಿಳಿಯರು ಹನ್ನೆರಡು ಮಂದಿ. ಆ ಸಂಖ್ಯೆಯನ್ನು ಓದಿದಾಗ ನನಗೆ ಕೊಲಂಬಿಯಾದ ಜ್ಯೂರಿ ಕೋಣೆ ನೆನಪಾಯಿತು. ಅದೇ ವರ್ಷದ ಕೊನೆಯೊಳಗೆ ಎಲಿಜಬೆತ್ ಕೂಡ ಹೋದರು.

ಊರಿನ ಮನಸ್ಸು ತಿರುಗಲು ಮತ್ತೆ ನಾಲ್ಕು ದಶಕಗಳಾದವು. 2014ರಲ್ಲಿ ನ್ಯಾಯಾಲಯದ ತೋಟದಲ್ಲಿ ವೇರಿಂಗರ ಪ್ರತಿಮೆ ನಿಂತಿತು. ಆ ಕಟ್ಟಡಕ್ಕೆ ಸೆನೆಟರ್ ಹಾಲಿಂಗ್ಸ್ ಅವರ ಹೆಸರಿತ್ತು. ತಮ್ಮ ಹೆಸರನ್ನು ತೆಗೆದು ವೇರಿಂಗರ ಹೆಸರಿಡಬೇಕೆಂದು ಅವರೇ ಕೇಳಿಕೊಂಡು, 2015ರಲ್ಲಿ ಹಾಗೆಯೇ ಆಯಿತು. ಅದೇ ಊರಿನ ಫೆಡರಲ್ ನ್ಯಾಯಾಧೀಶ ರಿಚರ್ಡ್ ಗೆರ್ಗೆಲ್ ಈ ಕಥೆಯನ್ನೆಲ್ಲ ಕೂಡಿಸಿ 2019ರಲ್ಲಿ ಪುಸ್ತಕ ಬರೆದರು. ಪೊಲೀಸ್ ಮುಖ್ಯಸ್ಥ ಶಲ್ ತೊಂಬತ್ತೈದು ವರ್ಷ ಬದುಕಿ 1997ರಲ್ಲಿ ಸತ್ತ. ಐಸಾಕ್ ವುಡರ್ಡ್ ಅದಕ್ಕೂ ಮೊದಲೇ, 1992ರಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದರು. ಅವರ ಮೇಲೆ ಆ ಬೆಳಿಗ್ಗೆ ಹೊರಿಸಿದ್ದ ಕುಡಿತದ ಅಪರಾಧವನ್ನು 2018ರಲ್ಲಿ ಬೇಟ್ಸ್‌ಬರ್ಗಿನ ನ್ಯಾಯಾಧಿಕಾರಿ ರದ್ದುಮಾಡಿದರು. ಮರುವರ್ಷ ಊರಿನಲ್ಲಿ ಒಂದು ಸ್ಮಾರಕ ಫಲಕ ನೆಟ್ಟರು. ಅದರ ಕೆಳಭಾಗದಲ್ಲಿ, ಕುರುಡರು ಬೆರಳಿನಿಂದ ಓದುವ ಬ್ರೈಲ್ ಚುಕ್ಕೆಗಳಿವೆ.